ಜೊತೆತುಂಡು

ಹಳೆಯ ಟಿವಿಯಲ್ಲಿ ನಮ್ಮಕ್ಕ ಒಂಬತ್ತು ವರ್ಷ ಹಸಿರಾಗಿದ್ದಳು. ಎಲೆಯ ಹಸಿರಲ್ಲ. ಮಾಗದ ಸೀಬೆಕಾಯಿಯನ್ನು ಕಚ್ಚಿದಾಗ ಒಳಗೆ ಕಾಣುತ್ತದಲ್ಲ, ಆ ಮಂಕು ಬಣ್ಣ. ಟ್ಯೂಬು ಹಳತಾದರೆ ಹಾಗೇ ಎಂದು ರಿಪೇರಿಯವನು ಹೇಳಿದ್ದ. ನಮಗೂ ಅಭ್ಯಾಸವಾಗಿ ಹೋಗಿತ್ತು. ಮಧ್ಯಾಹ್ನ ನಾಲ್ಕು ಗಂಟೆಗೆ ಧಾರಾವಾಹಿಯೋ ವಾರ್ತೆಯೋ ಯಾವುದು ನಡೆಯುತ್ತಿದ್ದರೂ ಅರ್ಧಕ್ಕೆ ನಿಲ್ಲುತ್ತಿತ್ತು, ಅಕ್ಕ ಬಂದು ಕೂರುತ್ತಿದ್ದಳು. ನಾಲ್ಕೂವರೆಗೆ ಎದ್ದು ಹೋಗುತ್ತಿದ್ದಳು. ಆ ಅರ್ಧ ಗಂಟೆ ಅವಳು ಮಾತಾಡುತ್ತಿರಲಿಲ್ಲ, ನಮ್ಮತ್ತ ನೋಡುತ್ತಲೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತವರು ದೂರದ ತಿರುವನ್ನು ನೋಡುತ್ತಾರಲ್ಲ, ಹಾಗೆ ನಮ್ಮ ಭುಜದಾಚೆ ಎಲ್ಲೋ ನೋಡುತ್ತ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಅಷ್ಟೇ. ನನಗೂ ಅಮ್ಮನಿಗೂ ಅಷ್ಟು ಸಾಕಾಗಿತ್ತು.

ತೀರಿಕೊಂಡವರು ಬರುವುದು ನಮ್ಮೂರಿನಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಎದುರುಮನೆಯ ರುಕ್ಕಮ್ಮನವರಲ್ಲಿ ಹನ್ನೊಂದು ಜನ ಬರುತ್ತಾರೆ. ಸಂತೆ ದಿನದ ಬಸ್ಸಿನಲ್ಲಿ ಕೂತ ಹಾಗೆ ಒತ್ತೊತ್ತಿ ಕೂರುತ್ತಾರೆ. ಹಿಂದಿನ ಸಾಲಿನಲ್ಲಿರುವ ಅವರ ಮುತ್ತಜ್ಜನದು ಒಂದು ಕಿವಿ, ಅರ್ಧ ರುಮಾಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆ ಕಿವಿಯ ಪಕ್ಕದಲ್ಲಿ ಕೆನ್ನೆಯೂ ಕಂಡೀತೆಂದು ರುಕ್ಕಮ್ಮ ಗೋಡೆಯಗಲದ ಟಿವಿ ತಂದರು. ಕಿವಿ ದೊಡ್ಡದಾಗಿ ಕಂಡಿತು. ಇನ್ನೂ ಯಾರೂ ತೀರಿಕೊಳ್ಳದ ಹೊಸ ಸಂಸಾರಗಳಲ್ಲಿ ನಾಲ್ಕು ಗಂಟೆಗೆ ಬರೀ ಒಂದು ಸುಣ್ಣದ ಗೋಡೆ ಬರುತ್ತದೆ. "ಅವರ ಮನೇಲಿ ಇನ್ನೂ ಗೋಡೆ ಕಣೆ" ಎಂದು ಹೆಂಗಸರು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಾರೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ; ನಾಲ್ಕಕ್ಕೆ ಎಲ್ಲರೂ ಮನೆಯಲ್ಲಿರಬೇಕಾದ್ದರಿಂದ ಶಾಲೆ ಎರಡೂವರೆಗೇ ಬಿಡುತ್ತದೆ. ನಾನು ತೂಗುಹಾಕುವ ನಕಾಶೆಯಲ್ಲಿ ನಮ್ಮೂರಿಲ್ಲ. ಮೊದಲೆಲ್ಲ ಮಕ್ಕಳು ಯಾಕೆಂದು ಕೇಳುತ್ತಿದ್ದರು, ಈಗ ಬಿಟ್ಟಿದ್ದಾರೆ.

ಈ ಶ್ರಾವಣದಲ್ಲಿ ಹಳೆಯ ಟಿವಿಯ ಟ್ಯೂಬು ಪೂರ್ತಿ ಹೋಯಿತು. ಎರಡು ದಿನ ಅಕ್ಕನಿಲ್ಲದೆ ಕಳೆದು, ಮೂರನೆಯ ದಿನ ಹೊಸದು ತಂದೆವು; ಹಲಗೆಯಂತೆ ತೆಳ್ಳಗಿನದು. ಇಂಥ ಟಿವಿಗಳಿಗೆ ಒಂಬತ್ತು ದಿನದ ಗಡುವು. ಅಷ್ಟರೊಳಗೆ ಮನೆಗೆ ಬರುವವರ ಬಣ್ಣವನ್ನು ಹದ ಮಾಡಿಸಬೇಕು. ಒಂಬತ್ತನೆಯ ದಿನ ನಾಲ್ಕೂವರೆಗೆ ಅವರು ಯಾವ ಬಣ್ಣದಲ್ಲಿ ಎದ್ದು ಹೋಗುತ್ತಾರೋ ಅದೇ ಖಾಯಂ; ಅದಕ್ಕೂ ಮೊದಲೇ ಖಾಯಂ ಗುಂಡಿ ಒತ್ತಿದರೆ ಆ ಗಳಿಗೆಯಿಂದಲೇ. ಆಮೇಲೆ ಯಾವ ಗುಂಡಿ ಒತ್ತಿದರೂ ಧಾರಾವಾಹಿಯವರ ಬಣ್ಣ ಬದಲಾಗುತ್ತದೆಯೇ ಹೊರತು ನಮ್ಮವರದಲ್ಲ. ಹತ್ತು ಟಿವಿ ಬದಲಿಸಿದರೂ ಅದೇ ಬಣ್ಣದಲ್ಲೇ ಬರುತ್ತಾರೆ. ಒಬ್ಬರಿಗೆ ಒಂದೇ ಸಲ. ಗಿರಣಿ ಮ್ಯಾನೇಜರರ ಮನೆಯವರು ತಾತ್ಸಾರ ಮಾಡಿದರು. ಗಿರಾಕಿಗಳ ಕಣ್ಣು ಕುಕ್ಕಲೆಂದು ಅಂಗಡಿಯಲ್ಲಿ ಏರಿಸಿಟ್ಟಿದ್ದ ಬಣ್ಣ ಹಾಗೇ ಉಳಿಯಿತು. ಈಗ ಆ ಮನೆಯ ತೀರಿಕೊಂಡ ಯಜಮಾನರು ದಿನಾ ಜಹಾಂಗೀರು ಮಿಠಾಯಿಯ ಬಣ್ಣದಲ್ಲಿ ಬಂದು ಕೂರುತ್ತಾರೆ. ಅವರ ಹೆಂಡತಿ ನಾಲ್ಕು ಗಂಟೆಗೆ ಹೂ ಕೊಯ್ಯುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಾರೆ.

ನಮ್ಮ ಹೊಸ ಟಿವಿಯಲ್ಲಿ ಮೊದಲ ದಿನ ಅಕ್ಕ ಬಂದಾಗ ಅಮ್ಮ ಕೂತಲ್ಲಿಂದ ಎದ್ದುಬಿಟ್ಟಳು. ಹಸಿರು ಹೋಗಿತ್ತು. ಕೆನ್ನೆಯಲ್ಲಿ ರಂಗು, ಹಣೆಯಲ್ಲಿ ಹೊಳಪು. ಮೈಬಣ್ಣ ಸಿಪ್ಪೆ ತೆಗೆದ ಬಾದಾಮಿಯಂತಿತ್ತು.

"ನೋಡೆ, ನೋಡೆ ಪಮ್ಮಿ, ಎಷ್ಟು ಲಕ್ಷಣವಾಗಿದಾಳೆ ನನ್ ಮಗಳು!" ಅಮ್ಮ ಸೆರಗಿನಿಂದ ಗಾಜು ಒರೆಸಿದಳು. "ಏನೂ ಮುಟ್ಟಿಸೋದು ಬೇಡ. ಹಿಂಗೇ ಇರ್ಲಿ."

"ಇದು ಅಂಗಡಿಯವರ ಬಣ್ಣ ಅಮ್ಮ. ಅಕ್ಕ ಹೀಗಿರಲಿಲ್ಲ."

"ಇರ್ಲಿಲ್ಲ. ಇದ್ದಿದ್ರೆ ಚೆನ್ನಾಗಿರ್ತಿತ್ತು ತಾನೆ? ಈಗಾದ್ರೂ ಇರ್ಲಿ ಬಿಡು. ನಿಂಗೇನು ಕಷ್ಟ?"

ನನಗೇನು ಕಷ್ಟ ಎನ್ನುವುದನ್ನು ಅಮ್ಮನಿಗೆ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಮಾತನ್ನು ತೂಗಿ ಆಡುವವಳೆಂದು ಸ್ಟಾಫ್‌ರೂಮಿನಲ್ಲಿ ನನಗೆ ಹೆಸರಿದೆ. ನಿಜವೇನೆಂದರೆ, ತೂಗುತ್ತ ತೂಗುತ್ತ ಆಡಬೇಕಾದ ಹೊತ್ತು ದಾಟಿಹೋಗಿರುತ್ತದೆ.

ಅಕ್ಕನ ಹೆಸರು ಸುಗುಣ. ನನಗಿಂತ ಮೂರು ವರ್ಷ ದೊಡ್ಡವಳು. ಕಪ್ಪಗಿದ್ದಳು. ಮನೆಗೆ ಬಂದವರು ಕೃಷ್ಣವರ್ಣ, ಎಣ್ಣೆಗಪ್ಪು, ಒಂಚೂರು ಬಣ್ಣ ಕಮ್ಮಿ ಎಂದು ಸುತ್ತಿ ಬಳಸಿ ಹೇಳುತ್ತಿದ್ದ ಮಾತನ್ನೆಲ್ಲ ಅವಳು ಒಂದೇ ಸಲ "ಕಪ್ಪು ಅನ್ರಿ, ಏನಾಗುತ್ತೆ" ಎಂದು ಮುಗಿಸುತ್ತಿದ್ದಳು. ಭಾನುವಾರ ಅಮ್ಮ ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ ಕಲಸಿ ಅವಳ ಮುಖಕ್ಕೆ, ಕತ್ತಿಗೆ, ಮೊಣಕೈವರೆಗೆ ಮೆತ್ತುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿ ಕೂರುತ್ತಿದ್ದಳು. ಒಣಗಿ ಬಿರುಕುಬಿಟ್ಟ ಮೇಲೆ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತು, ನನ್ನ ಮುಂಗೈಗೆ ತನ್ನ ಮುಂಗೈ ತಾಗಿಸಿ ನೋಡುತ್ತಿದ್ದಳು. "ಇನ್ನೂ ನಿನಗಿಂತ ಎರಡು ಬೆರಳು ಕಪ್ಪು. ಅಮ್ಮನ ಕೆನೆ ದಂಡ" ಎಂದು ನಗುತ್ತಿದ್ದಳು. ಕಪ್ಪನ್ನು ಬೆರಳಲ್ಲಿ ಅಳೆಯುವುದು ಅವಳದೇ ಲೆಕ್ಕ. ಬೇಸಿಗೆಯಲ್ಲಿ ಒಂದೂವರೆ, ಮಳೆಗಾಲದಲ್ಲಿ ಎರಡು. ಅದಕ್ಕಿಂತ ಕಮ್ಮಿಯಾಗಲಿಲ್ಲ, ಜಾಸ್ತಿಯೂ ಆಗಲಿಲ್ಲ.

ಅವಳಿಗೆ ಗಂಡು ನೋಡುತ್ತಿದ್ದಾಗ ಪಟ ಬೇಕಾಯಿತು. ಕಾಲೇಜಿಗೆ ಹೋಗುತ್ತಿದ್ದವಳು ನಾನು, ಪೇಟೆ ಓಡಾಟ ನನ್ನದು. ಸ್ಟುಡಿಯೋದಲ್ಲಿ ಅಕ್ಕನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಹೋಗಿ, "ಸ್ವಲ್ಪ ಬೆಳಗಿಸಿ ಕೊಡಿ" ಎಂದೆ. ಅವನು ಎಷ್ಟು ಎಂದ. ನಾನು ಗೋಡೆಯ ಮೇಲಿದ್ದ ಯಾವುದೋ ಮದುವಣಗಿತ್ತಿಯ ಪಟ ತೋರಿಸಿದೆ. ಗಂಡಿನ ಕಡೆಯವರು ಪಟ ಒಪ್ಪಿ ಬಂದರು. ಉಪ್ಪಿಟ್ಟು ತಂದುಕೊಟ್ಟವಳನ್ನು ನೋಡಿ ಹುಡುಗನ ಸೋದರತ್ತೆ, "ಪಟದಲ್ಲಿರೋ ಹುಡುಗಿ ಎಲ್ಲಮ್ಮ? ಕರೀರಿ" ಎಂದಳು. ಅಕ್ಕ ತಟ್ಟೆಗಳನ್ನೆಲ್ಲ ಒಬ್ಬೊಬ್ಬರ ಮುಂದೆ ನೆಟ್ಟಗೆ ಇಟ್ಟು ಒಳಗೆ ಬಂದಳು. ಅಡಿಗೆಮನೆಯಲ್ಲಿ ನಾನು ನಿಂತಿದ್ದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಪಟದಾಗಿರೋಳ್ನ ನೀನೇ ಮದ್ವೆ ಮಾಡ್ಕೊಡು ಹೋಗು" ಎಂದಳು, ತಗ್ಗಿದ ದನಿಯಲ್ಲಿ. ಆಮೇಲೆ ಅವಳು ಇನ್ನೊಂದು ಪಟ ತೆಗೆಸಿಕೊಳ್ಳಲಿಲ್ಲ. ನನ್ನ ಮುಂಗೈಗೆ ಮುಂಗೈ ತಾಗಿಸಿ ನೋಡಲೂ ಇಲ್ಲ. ಎರಡು ವರ್ಷದ ನಂತರ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಇದ್ದ ಒಂದೇ ಪಟ ಅದೇ ಆದ್ದರಿಂದ ಅದಕ್ಕೇ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆವು.

ಟಿವಿಯ ಹಸಿರು ಬಣ್ಣಕ್ಕೆ ನಾನು ಒಳಗೊಳಗೇ ಋಣಿಯಾಗಿದ್ದೆ. ಹಸಿರು ಅಕ್ಕ ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಈಗ ಗಾಜಿನಲ್ಲಿ ಮತ್ತೆ ಆ ಪಟದವಳು ಬಂದು ಕೂತಿದ್ದಳು. ಒಂಬತ್ತು ದಿನದಲ್ಲಿ ಅವಳನ್ನು ಅವಳ ಬಣ್ಣಕ್ಕೆ ತರದಿದ್ದರೆ, ನಾನು ಸ್ಟುಡಿಯೋದಲ್ಲಿ ಒಂದು ಸಲ ಮಾಡಿದ್ದನ್ನು ಕೊನೆಯಿಲ್ಲದಂತೆ ಮಾಡಿದ ಹಾಗೆ ಆಗುತ್ತಿತ್ತು. ಹದ ಮಾಡಿಸಿದರೆ, ಒಮ್ಮೊಮ್ಮೆ, ಅವರ ಕಣ್ಣಿಗೂ ನಾವು ಕಾಣುತ್ತೇವೆ ಎಂಬ ಮಾತೂ ಊರಿನಲ್ಲಿದೆ. ಅವಳಿಗೆ ನಾನು ಕಂಡರೆ ಅವಳು ಯಾವ ಬಣ್ಣದಲ್ಲಿ ನನ್ನನ್ನು ನೋಡಬೇಕು? ಅದೊಂದೇ ಯೋಚನೆ.

ಅಮ್ಮ ಒಪ್ಪಲು ಎಂಟು ದಿನ ಹಿಡಿಯಿತು. ನಾನು ಕಾಡಿದೆ, ಊಟ ಬಿಟ್ಟೆ, ಕೊನೆಗೆ "ಮ್ಯಾನೇಜರರ ಮನೆ ಜಹಾಂಗೀರು ನೋಡಿದೀಯಲ್ಲ, ನಾಳೆ ಅಕ್ಕನೂ ಹಾಗೇ ಬಣ್ಣ ಏರ್ತಾ ಏರ್ತಾ ಹೋದರೆ?" ಎಂದು ಸುಳ್ಳೇ ಹೆದರಿಸಿದೆ. "ಏನಾದ್ರೂ ಮಾಡ್ಕೊ. ನಿಂದೊಂದು ಹಟ" ಎಂದಳು. ಹದ ಮಾಡುವ ದಸ್ತಗೀರ್ ಸಾಬರಿಗೆ ಹೇಳಿಕಳಿಸಿದೆ. ಒಂಬತ್ತನೆಯ ದಿನಕ್ಕೆ ಬಂದರು.

ಸಾಬರು ಯಾವಾಗಲೂ ಬೂದು ಬಣ್ಣದ ಅಂಗಿಯನ್ನೇ ತೊಡುತ್ತಾರೆ. ಬೇರೆ ಬಣ್ಣ ತೊಟ್ಟರೆ ಅದು ಗಾಜಿನ ಮೇಲೆ ಬೀಳುತ್ತದಂತೆ. ಮೂರು ಗಂಟೆಗೇ ಬಂದು, ಚಾ ಬೇಡವೆಂದು, ಬಾವಿಕಟ್ಟೆಯಲ್ಲಿ ತಣ್ಣೀರಿನಿಂದ ಕಣ್ಣು ತೊಳೆದುಕೊಂಡರು. ಕಿಟಕಿಗಳಿಗೆಲ್ಲ ಕರೀ ಕಂಬಳಿ ಕಟ್ಟಿ, ಉತ್ತರದ ಕಿಟಕಿಯನ್ನು ಮಾತ್ರ ಒಂದು ಗೇಣು ತೆರೆದಿಟ್ಟರು. ಕತ್ತಲಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಕಣ್ಣು ಪಳಗಿಸಿಕೊಂಡರು. ಆಮೇಲೆ ತಿರುಗಿ ನೋಡಿ, "ತುಳಸಮ್ಮನೋರೆ, ಆ ಅರಿಶಿನದ ಸೀರೆ ಬಿಟ್ಟು ಮಂಕಾದ್ದು ಏನಾದ್ರೂ ಉಟ್ಕೊಂಡು ಬನ್ನಿ. ನಿಮ್ ಸೀರೆ ಹೋಗಿ ನಿಮ್ ಮಗಳ ಕೆನ್ನೆ ಮೇಲೆ ಕೂತ್ಕೊಳ್ಳುತ್ತೆ" ಎಂದರು.

"ಕೂತ್ಕೊಂಡ್ರೆ ಒಳ್ಳೇದೇ ಅಲ್ವ" ಎಂದು ಗೊಣಗುತ್ತ ಅಮ್ಮ ಒಳಗೆ ಹೋದಳು.

"ಜೊತೆತುಂಡು ಐತಾ ಟೀಚರಮ್ಮ?"

"ಇದೆ ಸಾಬ್ರೇ. ಟ್ರಂಕಿನಲ್ಲಿದೆ."

ನಮ್ಮೂರಿನಲ್ಲಿ ದರ್ಜಿ ಬಟ್ಟೆ ಹೊಲಿದು ಕೊಡುವಾಗ ಅಂಗೈಯಗಲದ ಒಂದು ತುಂಡನ್ನೂ ಜೊತೆಗೆ ಕೊಡುತ್ತಾನೆ. ರೆಡಿಮೇಡ್ ತಂದರೆ ಒಳಹೊಲಿಗೆಯಿಂದ ನಾವೇ ಕತ್ತರಿಸಿಕೊಳ್ಳುತ್ತೇವೆ. ಬಟ್ಟೆಯನ್ನು ಒಗೆದಾಗಲೆಲ್ಲ ಆ ತುಂಡನ್ನೂ ಒಗೆಯಬೇಕು, ಬಟ್ಟೆ ಒಣಗುವ ಬಿಸಿಲಲ್ಲೇ ಅದೂ ಒಣಗಬೇಕು. ತಂತಿಯ ಮೇಲೆ ಪ್ರತಿ ಬಟ್ಟೆಯ ಪಕ್ಕದಲ್ಲೂ ಅದರ ಮರಿಯ ಹಾಗೆ ಒಂದು ತುಂಡು ನೇತಾಡುತ್ತಿರುತ್ತದೆ. ಬಟ್ಟೆ ಎಷ್ಟು ಮಾಸಿತೋ ತುಂಡೂ ಅಷ್ಟೇ ಮಾಸುತ್ತದೆ. ತೀರಿಕೊಂಡವರು ಕೊನೆಯ ದಿನ ಮೈಮೇಲಿದ್ದ ಬಟ್ಟೆಯಲ್ಲೇ ಬರುವುದರಿಂದ, ಗಾಜಿನಲ್ಲಿ ಕಾಣುವ ಬಟ್ಟೆಯ ಪಕ್ಕಕ್ಕೆ ಅದರ ತುಂಡನ್ನು ಹಿಡಿದು ಎರಡೂ ಒಂದಾಗುವವರೆಗೆ ಹದ ಮಾಡಿದರೆ ಸಾಕು. ಮುಖ ತಾನಾಗಿ ಸರಿಹೋಗುತ್ತದೆ. ಅದಕ್ಕೇ ಯಾರಾದರೂ ಹೋದ ದಿನವೇ ಅವರ ತುಂಡನ್ನು ಕರೀ ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಡುವುದು. ಮತ್ತೆ ಅದಕ್ಕೆ ನೀರು ಸೋಕಬಾರದು, ಬಿಸಿಲು ಕಾಣಬಾರದು.

ನಾನು ಎಲ್ಲವನ್ನೂ ಎರಡೆರಡು ಸಲ ನೋಡುವವಳು. ಗ್ಯಾಸಿನ ಗುಂಡಿ, ಬಾಗಿಲ ಚಿಲಕ, ಮಕ್ಕಳ ಅಂಕಪಟ್ಟಿ. ಆದರೆ ಅಕ್ಕ ಹೋದಾಗ ಆ ತುಂಡನ್ನು ಸುತ್ತಿಟ್ಟವಳು ಅಮ್ಮ. ಅದನ್ನು ಬಿಚ್ಚಿ ನೋಡುವ ಧೈರ್ಯ ಒಂಬತ್ತು ವರ್ಷದಲ್ಲಿ ಒಂದು ದಿನವೂ ನನಗೆ ಬಂದಿರಲಿಲ್ಲ.

ಸರಿಯಾಗಿ ನಾಲ್ಕಕ್ಕೆ ಅಕ್ಕ ಬಂದು ಕೂತಳು. ಬೆಳ್ಳಗೆ, ಹೊಳೆಯುತ್ತ. ಸಾಬರು ರಿಮೋಟು ಹಿಡಿದು ಮೊದಲು ಕಪ್ಪನ್ನು ಸರಿಮಾಡಿದರು. "ಕೂದಲಾಗೆ ಎಳೆ ಎಳೆ ಕಾಣಬೇಕು, ಹಂಗಂತ ಕೂದಲು ಬೂದಿ ಆಗಬಾರದು" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕಣ್ಣಿನ ಬಿಳಿ ನೋಡಿ ಬೆಳಕನ್ನು ಇಳಿಸಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅಕ್ಕನ ಹಣೆಯಂಚಿನ ಸಣ್ಣ ಕೂದಲು ಕಂಡವು. ಎಡ ಹುಬ್ಬಿನ ಮೇಲಿದ್ದ ಸಿಡುಬಿನ ಪುಟ್ಟ ಕಲೆ ಕಂಡಿತು. ನಾನು ಅದನ್ನು ಮರೆತೇಬಿಟ್ಟಿದ್ದೆ.

"ಈಗ ತುಂಡು ಕೊಡಿ."

ಕರೀ ಬಟ್ಟೆ ಬಿಚ್ಚಿ ಕೊಟ್ಟೆ. ಅಕ್ಕ ಕೊನೆಯ ದಿನ ತೊಟ್ಟಿದ್ದದ್ದು ಹಣ್ಣು ದಾಳಿಂಬೆಯ ಬಣ್ಣದ ರವಿಕೆ. ಸಾಬರು ತುಂಡನ್ನು ಉತ್ತರದ ಬೆಳಕಿಗೆ ಹಿಡಿದರು, ಗಾಜಿನ ಹತ್ತಿರ ಒಯ್ದರು. ಮತ್ತೆ ಬೆಳಕಿಗೆ ಹಿಡಿದರು. ಆಮೇಲೆ ಮೂಗಿನ ಹತ್ತಿರ ತಂದು ಮೂಸಿದರು.

"ಇದಕ್ಕೆ ಮೊನ್ನೆ ಮೊನ್ನೆ ಸೋಪು ಬಿದ್ದೈತಲ್ಲ."

ಅವರ ಕೈಯಲ್ಲಿದ್ದ ತುಂಡು ತಿಳಿಗುಲಾಬಿಯೂ ಆಗಿರಲಿಲ್ಲ. ಎಲೆಯಡಿಕೆ ತಿಂದ ತುಟಿ ಒರೆಸಿ ಬಿಸಾಡಿದ ಕರವಸ್ತ್ರದ ಹಾಗಿತ್ತು. ನಾನು ಅಮ್ಮನ ಕಡೆ ತಿರುಗಿದೆ. ಮಂಕು ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದವಳು ಚೌಕಟ್ಟು ಹಿಡಿದುಕೊಂಡಳು.

"ಅಮ್ಮ, ಏನು ಮಾಡಿದೆ?"

"ಏನೂ ಮಾಡ್ಲಿಲ್ಲ."

"ಬೆಳ್ಳಗಾಗಲಿ ಅಂತ ಒಗೆದೆಯಾ? ಅವಳನ್ನ ಈಗಲೂ ಬೆಳ್ಳಗೆ ಮಾಡಬೇಕಿತ್ತಾ ನಿನಗೆ?"

"ಅಯ್ಯೋ, ಹಂಗಲ್ವೇ!" ಅಮ್ಮನ ದನಿ ಒಡೆಯಿತು. "ಶುಕ್ರವಾರ ಶುಕ್ರವಾರ ಒಗೀತಿದ್ದೆ ಕಣೆ. ನೀನು ಸ್ಕೂಲಿಗೆ ಹೋದ್ಮೇಲೆ. ನಿಂದು ಒಗೀತೀನಿ, ನಂದು ಒಗೀತೀನಿ. ಅವಳದು ಅಂತ ಒಗೆಯೋಕೆ ಇನ್ನೇನಿತ್ತು? ತಂತಿ ಮೇಲೆ ಅವಳದೂ ಒಂದು ಇರ್ಲಿ ಅಂತ."

ಒಂಬತ್ತು ವರ್ಷದ ಶುಕ್ರವಾರಗಳು. ನಾನು ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ಅದು ಒಣಗಿ, ಮಡಿಕೆಯಾಗಿ, ಕರೀ ಬಟ್ಟೆಯೊಳಗೆ ಸೇರಿರುತ್ತಿತ್ತು. ಗೋಡೆ ಗಡಿಯಾರದಲ್ಲಿ ನಾಲ್ಕೂ ಹನ್ನೆರಡು.

ಸಾಬರು ತುಂಡನ್ನು ಮಡಿಸಿ ಅಮ್ಮನ ಕೈಗೆ ಹಿಂತಿರುಗಿಸಿದರು. "ಇದ್ರ ಪ್ರಕಾರ ಹೋದ್ರೆ ನಿಮ್ ಮಗಳು ಸುಣ್ಣದ ಬೊಂಬೆ ಆಗ್ತಾಳೆ ತಾಯಿ. ಇದು ಬೇಡ. ಪಟ ಐತಾ?"

ಗೋಡೆಯಿಂದ ಪಟ ಇಳಿಸಿ ಕೊಟ್ಟೆ. ಒಂದೇ ನೋಟಕ್ಕೆ ಅವರು ತಲೆಯಾಡಿಸಿದರು. "ಇದು ತಿದ್ದಿದ ಪಟ. ಯಾರೋ ಚೆನ್ನಾಗಿ ಬೆಳಗಿಸವ್ರೆ."

"ನಾನೇ ಮಾಡಿಸಿದ್ದು" ಎಂದೆ. ಅಮ್ಮನ ಮುಂದೆ ಈ ಮಾತನ್ನು ಮೊದಲ ಸಲ ಆಡಿದೆ. ಸಾಬರು ಪಟವನ್ನು ಗೋಡೆಗೆ ಮುಖ ಮಾಡಿ ನೆಲದ ಮೇಲೆ ನಿಲ್ಲಿಸಿದರು.

"ನನ್ನ ಕೈ ಇಡಲಾ ಸಾಬ್ರೇ? ಅವಳು ನನಗಿಂತ ಸ್ವಲ್ಪ ಕಪ್ಪು. ಎಷ್ಟು ಅಂತ ಗೊತ್ತು ನನಗೆ."

"ಬದುಕಿರೋರ ಮೈ ನಂಬಬಾರದು ಟೀಚರಮ್ಮ. ದಿನಕ್ಕೊಂದು ಬಣ್ಣ. ಒಂಬತ್ತು ವರ್ಷದಾಗೆ ನೀವು ಎಷ್ಟು ಬಿಸಿಲು ತಿಂದೀರೋ ಏನೋ. ಇನ್ನೊಂದೇ ದಾರಿ ಉಳಿದಿರೋದು. ಕಣ್ಣು ಮುಚ್ಕೊಳ್ಳಿ. ನಿಮ್ಮಕ್ಕ ಜೀವಂತ ಇದ್ದ ಒಂದು ದಿನ ನೆನಪು ಮಾಡ್ಕೊಳ್ಳಿ. ಮುಖ ಚೆನ್ನಾಗಿ ಕಂಡ್ಮೇಲೆ ಕಣ್ಣು ಬಿಟ್ಟು ಹೇಳ್ರಿ, ನಾನು ಹಂಗೇ ಮಾಡ್ತೀನಿ. ಅವಸರ ಮಾಡಬ್ಯಾಡಿ. ಹಂಗಂತ ತಡಾನೂ ಮಾಡಬ್ಯಾಡಿ."

ಕಣ್ಣು ಮುಚ್ಚಿದೆ. ತಾರಸಿಯ ಮೇಲಿನ ಒಂದು ದಿನ ಬಂತು. ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದೆವು. ಕಾಗೆ ಓಡಿಸಲು ನಮ್ಮಿಬ್ಬರನ್ನು ಕೂರಿಸಿದ್ದರು. ಅಕ್ಕ ಹಸಿ ಸಂಡಿಗೆಯನ್ನೇ ಬೆರಳಲ್ಲಿ ಬಳಿದು ತಿನ್ನುತ್ತಿದ್ದಳು. "ಕಾಗೆ ತಿಂತು ಅಂತ ಹೇಳು" ಎಂದಳು. ಆಮೇಲೆ ಮುಂಗೈಯನ್ನು ನನ್ನದಕ್ಕೆ ತಾಗಿಸಿದಳು. ಬಿಸಿಲಲ್ಲಿ ಕಾದ ಕೈ. ನಾನು ಆ ಕೈಯನ್ನು ನೋಡಿದೆ, ಮೇಲಕ್ಕೆ ಮುಖ ನೋಡಿದೆ. ನಗುತ್ತಿದ್ದಳು. ಅಷ್ಟು ಸ್ಪಷ್ಟವಾಗಿ ಅವಳನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಕಣ್ಣು ಬಿಟ್ಟೆ.

"ಇಳಿಸಿ ಸಾಬ್ರೇ. ಇನ್ನೂ. ಕೆಂಪು ಜಾಸ್ತಿಯಾಯಿತು, ಕಮ್ಮಿ ಮಾಡಿ. ಇನ್ನೂ ಸ್ವಲ್ಪ ಇಳಿಸಿ."

ಅಂಗಡಿಯ ಹೊಳಪು ಹೋಯಿತು. ಅಕ್ಕನ ಮುಖ ಒಂದೊಂದೇ ಮೆಟ್ಟಿಲು ಇಳಿದು ನಮ್ಮ ಮನೆಯೊಳಕ್ಕೆ ಬರುತ್ತಿದೆ ಎನ್ನಿಸಿತು. ಒಂದು ಕಡೆ ಮುಖ ತೀರಾ ಕಪ್ಪಾಗಿ, ಅಪರಿಚಿತವಾಗಿ, ಯಾರೋ ಬೇರೆಯವರದಾಯಿತು. "ಇಲ್ಲ, ಇದಲ್ಲ. ಹಿಂದಕ್ಕೆ ಹೋಗಿ" ಎಂದೆ. ಸಾಬರು ಒಂದು ಕ್ಷಣ ನನ್ನ ಮುಖ ನೋಡಿದರು. ಏನೋ ಹೇಳಬೇಕೆಂದಿದ್ದವರ ಹಾಗೆ ತುಟಿ ತೆರೆದು ಸುಮ್ಮನಾದರು. ಹಿಂದಕ್ಕೆ ಹೋದರು. ಒಂದು ಒತ್ತು. ಇನ್ನೊಂದು. ಮತ್ತೊಂದು.

"ನಿಲ್ಲಿಸಿ! ಇದೇ. ಇದೇ ನಮ್ಮಕ್ಕ."

ನನ್ನ ಜೀವನದಲ್ಲಿ ಯಾವ ಮಾತನ್ನೂ ನಾನು ಅಷ್ಟು ಖಚಿತವಾಗಿ ಆಡಿಲ್ಲ. ಕಣ್ಣಲ್ಲಿ ನೀರು ಬಂತು. ಅಮ್ಮನೂ ಹತ್ತಿರ ಬಂದು, "ಹೂಂ ಕಣೆ, ಇವಳೇ. ನನ್ ಸುಗುಣ ಇವಳೇ" ಎಂದಳು. ಅಮ್ಮನೂ ನಾನೂ ಅಕ್ಕನ ಬಣ್ಣದ ವಿಷಯದಲ್ಲಿ ಒಪ್ಪಿದ್ದು ಅದೇ ಮೊದಲು.

"ಖಾಯಂ ಮಾಡಲಾ?"

"ಮಾಡಿ."

ಸಾಬರು ಗುಂಡಿ ಒತ್ತಿದರು. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತಾರು. ಅವರು ಕಂಬಳಿಗಳನ್ನು ಬಿಚ್ಚತೊಡಗಿದರು. ಕೋಣೆಯೊಳಗೆ ಬಿಸಿಲು ಬಂತು. ನಾನು ಗಾಜಿನ ಮುಂದೆ ಮಂಡಿಯೂರಿ ಕೂತೆ. ಆಗ ಅಕ್ಕನ ದೃಷ್ಟಿ ನನ್ನ ಭುಜದಾಚೆಯಿಂದ ಮೆಲ್ಲಗೆ ಇತ್ತ ಬಂತು. ಬಸ್ಸು ಬರುವ ತಿರುವನ್ನು ನೋಡುತ್ತಿದ್ದವರು ಪಕ್ಕದಲ್ಲಿ ಕೂತವರನ್ನು ಆಗಷ್ಟೇ ಗಮನಿಸಿದ ಹಾಗೆ. ಅವಳು ನನ್ನನ್ನು ನೋಡಿದಳು. ಗುರುತು ಸಿಕ್ಕಿತು. ತುಟಿಯ ಒಂದು ಕೊನೆ ಮೇಲಕ್ಕೆದ್ದಿತು, ಕಾಗೆ ತಿಂತು ಅಂತ ಹೇಳು ಎಂದಾಗ ಏಳುತ್ತಿದ್ದ ಹಾಗೇ. ಮಡಿಲಿನಿಂದ ಕೈಯೆತ್ತಿ, ಮುಂಗೈಯನ್ನು ಅಡ್ಡಲಾಗಿ ಗಾಜಿಗೆ ತಾಗಿಸಿದಳು.

"ಅಮ್ಮ, ನೋಡು" ಎಂದೆನೋ ಇಲ್ಲವೋ ನೆನಪಿಲ್ಲ. ನಾನು ನನ್ನ ಬಳೆಗಳನ್ನು ಮೇಲಕ್ಕೆ ಸರಿಸಿ, ನನ್ನ ಮುಂಗೈಯನ್ನು ಈಚೆಯಿಂದ ಅವಳದರ ಪಕ್ಕಕ್ಕೆ ಇಟ್ಟೆ.

ಅವಳ ಕೈ ನನ್ನದಕ್ಕಿಂತ ಬೆಳ್ಳಗಿತ್ತು.

ಸ್ವಲ್ಪವಲ್ಲ. ಎರಡು ಬೆರಳು, ಮೂರು ಬೆರಳು. ದಿನಾ ಬಿಸಿಲಲ್ಲಿ ಶಾಲೆಗೆ ನಡೆದು ನಾನು ಒಂದು ಬೆರಳು ಕಪ್ಪಾಗಿರಬಹುದು. ಅದಕ್ಕಿಂತ ಹೆಚ್ಚಲ್ಲ. ಅಕ್ಕ ಎರಡೂ ಕೈಗಳನ್ನು ನೋಡಿದಳು. ಮೊದಲು ನನ್ನದು, ಆಮೇಲೆ ತನ್ನದು. ತನ್ನ ಕೈಯನ್ನು ಗಾಜಿನಿಂದ ತೆಗೆದು ಕಣ್ಣ ಹತ್ತಿರ ಹಿಡಿದು, ತಿರುಗಿಸಿ, ಮೊಣಕೈಯ ಹಿಂಭಾಗವನ್ನೂ ನೋಡಿಕೊಂಡಳು. ಬೇರೆಯವರ ಸೀರೆ ತಪ್ಪಿ ತನ್ನ ಟ್ರಂಕಿಗೆ ಬಂದಿದ್ದರೆ ಹೀಗೇ ತಿರುಗಿಸಿ ನೋಡುತ್ತಿದ್ದಳೇನೋ. ತುಟಿಯ ಕೊನೆ ಕೆಳಗಿಳಿಯಿತು. ನನ್ನನ್ನು ಇನ್ನೊಮ್ಮೆ ನೋಡಿದಳು. ಸಿಟ್ಟಿರಲಿಲ್ಲ. ಉಪ್ಪಿಟ್ಟಿನ ತಟ್ಟೆಗಳನ್ನು ಇಟ್ಟು ಅಡಿಗೆಮನೆಗೆ ಬಂದ ದಿನದ ನೋಟ ಅದು. ಆಮೇಲೆ ಸೆರಗನ್ನು ಮುಂದಕ್ಕೆಳೆದು ಎರಡೂ ಕೈಗಳನ್ನು ಅದರೊಳಗೆ ಮುಚ್ಚಿಟ್ಟುಕೊಂಡಳು.

"ಸಾಬ್ರೇ, ತಪ್ಪಾಗಿದೆ, ಇನ್ನೊಂದು ಸಲ—"

"ಖಾಯಂ ಆಯ್ತಲ್ಲಮ್ಮ" ಎಂದರು ಸಾಬರು. ಕಂಬಳಿ ಮಡಿಸುತ್ತಿದ್ದವರು ನನ್ನತ್ತ ನೋಡಲಿಲ್ಲ. ನಾಲ್ಕೂವರೆಗೆ ಅಕ್ಕ ಎದ್ದು ಹೋದಳು. ಅರ್ಧಕ್ಕೆ ನಿಂತಿದ್ದ ಧಾರಾವಾಹಿ ಮುಂದುವರಿಯಿತು. ಯಾರೋ ಯಾರಿಗೋ ವಿಷ ಹಾಕುತ್ತಿದ್ದರು.

ಸಾಬರು ಹೊಸಿಲು ದಾಟುವಾಗ ನಿಂತರು. "ಆ ಕಪ್ಪನೆ ಮುಖ ಬಂದಿತ್ತಲ್ಲ ಟೀಚರಮ್ಮ, ನೀವು ಹಿಂದಕ್ಕೆ ಹೋಗಿ ಅಂದ್ರಲ್ಲ, ಆಗ ಹೇಳೋಣ ಅಂದ್ಕೊಂಡೆ. ಅಲ್ಲಿಂದ ಒಂದೇ ಒತ್ತು ಹಿಂದಕ್ಕೆ ಹೋಗಿ ನಿಲ್ಲಿಸಿದ್ರೆ ಸರಿಹೋಗ್ತಿತ್ತೇನೋ ಅಂತ. ಆದ್ರೆ ನಿಮ್ಮಕ್ಕನ್ನ ನಾನು ನೋಡಿದೋನಲ್ಲ. ನೋಡಿದೋರ ಮಾತನ್ನ ಕೇಳೋದು ನಮ್ ಕಸುಬು" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದರು.

ನಾನು ನೆಲದ ಮೇಲಿದ್ದ ಪಟವನ್ನು ತಿರುಗಿಸಿದೆ. ನೋಡುವ ಮೊದಲೇ ಗೊತ್ತಾಗಿತ್ತು. ಗಾಜಿನಿಂದ ಈಗಷ್ಟೇ ಎದ್ದು ಹೋದ ಮುಖದ ಬಣ್ಣವೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ತಾರಸಿ, ಸಂಡಿಗೆ, ಬಿಸಿಲಿಗೆ ಕಾದ ಕೈ, ಎಲ್ಲವೂ ನಿಜ. ಅವುಗಳ ನಡುವೆ ಕೂತಿದ್ದವಳು ಮಾತ್ರ ಸ್ಟುಡಿಯೋದವಳು. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತ ಆ ಪಟ ನೋಡಿದ್ದೇನೆ. ಅಮ್ಮ ತುಂಡನ್ನು ಶುಕ್ರವಾರ ಮಾತ್ರ ಒಗೆಯುತ್ತಿದ್ದಳು.

ಅಕ್ಕ ಈಗಲೂ ದಿನಾ ನಾಲ್ಕಕ್ಕೆ ಬರುತ್ತಾಳೆ. ಭುಜದಾಚೆ ನೋಡುತ್ತ ಕೂರುತ್ತಾಳೆ. ಕೈಗಳು ಸೆರಗಿನೊಳಗೇ ಇರುತ್ತವೆ. ರುಕ್ಕಮ್ಮ ಬಂದು ನೋಡಿ, "ಎಂಥಾ ಕಳೆ ಬಂದಿದೆ ಕಣೆ ನಿಮ್ಮಕ್ಕಂಗೆ! ಯಾರ ಕೈಲಿ ಹದ ಮಾಡಿಸಿದ್ರಿ?" ಎಂದು ಕೇಳಿ, ಸಾಬರ ಹೆಸರು ಬರೆದುಕೊಂಡು ಹೋದರು.

ಅವಳನ್ನು ಇನ್ನು ಕಪ್ಪಾಗಿಸಲು ಆಗುವುದಿಲ್ಲ. ಇದನ್ನು ಹದಿನೈದು ದಿನ ಯೋಚಿಸಿದೆ. ಅವಳ ಲೆಕ್ಕದಲ್ಲಿ ನನಗೂ ಅವಳಿಗೂ ನಡುವೆ ಇರಬೇಕಾದದ್ದು ಎರಡು ಬೆರಳು. ಅವಳು ಅಲುಗುವಂತಿಲ್ಲ. ಅಂದ ಮೇಲೆ ನಾನೇ ಸರಿಯಬೇಕು. ಈಗ ಶಾಲೆಗೆ ಕೊಡೆ ಹಿಡಿದು ಹೋಗುತ್ತೇನೆ. ಮಣಿಕಟ್ಟಿನವರೆಗೆ ತೋಳಿರುವ ರವಿಕೆ ಹೊಲಿಸಿಕೊಂಡಿದ್ದೇನೆ. ಮೈದಾನದ ಕಡೆಯ ತರಗತಿಯನ್ನು ಬಿಟ್ಟುಕೊಟ್ಟು ಕತ್ತಲೆ ಕೋಣೆಯದನ್ನು ಕೇಳಿ ತೆಗೆದುಕೊಂಡೆ. ಭಾನುವಾರ ಮಾತ್ರ ಎಂದು ಶುರುವಾಗಿದ್ದು ಈಗ ದಿನಾ ಆಗಿದೆ. ಅಮ್ಮ ಏನನ್ನೂ ಕೇಳದೆ ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಕೆನೆ ಕಲಸಿ ತರುತ್ತಾಳೆ. ನಾನು ಕಣ್ಣು ಮುಚ್ಚಿ ಕೈ ಚಾಚಿ ಕೂರುತ್ತೇನೆ. ಒಣಗಿ ಬಿರುಕುಬಿಡುವವರೆಗೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ.

ಇವತ್ತೂ ಮೂರೂ ಐವತ್ತಕ್ಕೆ ಕೈ ತೊಳೆದು ಒರೆಸಿಕೊಂಡು, ಅಕ್ಕ ಬಂದ ಕೂಡಲೆ ಮುಂಗೈಯನ್ನು ಗಾಜಿಗೆ ತಾಗಿಸಿ ಕೂತೆ. ನಾಲ್ಕೂವರೆಯವರೆಗೂ ತೆಗೆಯಲಿಲ್ಲ. ಸೆರಗು ಅಲುಗಲಿಲ್ಲ. ಅವಳು ಎದ್ದು ಹೋದ ಮೇಲೆ ಅಮ್ಮ ನನ್ನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಆಚೆ ಈಚೆ ತಿರುಗಿಸಿ ನೋಡಿದಳು.

"ಇನ್ನೂ ನಾಕು ಬೆರಳು ಇದೆ ಕಣೆ" ಎಂದಳು. "ನಾಳೆಯಿಂದ ಕೆನೆ ಜಾಸ್ತಿ ಹಾಕ್ತೀನಿ."